ಹತ್ತನೇ ಕ್ಲಾಸಿನ ಇಂಗ್ಲಿಷ್: ಉತ್ತರ ಬಾಯಿಗೆ ಬರುತ್ತೆ, ಪ್ರಶ್ನೆ ಅರ್ಥವಾಗಲ್ಲ

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದೇನೆ. ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ, ಹತ್ತನೇ ತರಗತಿಯಲ್ಲಿ 42 ಮಕ್ಕಳು. ಅವರಲ್ಲಿ ಹತ್ತು–ಹನ್ನೆರಡು ಮಂದಿ ಪಾಠದ ಒಂದು ಸಾಲನ್ನೂ ತಡವರಿಸದೆ ಓದಲಾರರು. ಉಳಿದವರು ಗೈಡಿನ ಉತ್ತರ ಉರು ಹೊಡೆದು ಬರುತ್ತಾರೆ. ಆದರೆ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಬೇರೆಯದೇ ಉತ್ತರ ಬರೆದಿಟ್ಟಿರುತ್ತಾರೆ. ವ್ಯಾಕರಣದ ನಿಯಮ ಬಾಯಲ್ಲಿ ಹೇಳುತ್ತಾರೆ, ಬರೆಯುವಾಗ ಅದೇ ತಪ್ಪು. ಪರೀಕ್ಷೆಗೆ ಹನ್ನೆರಡು ವಾರ ಉಳಿದಿದೆ. ಎಲ್ಲಿಂದ ಶುರು ಮಾಡಲಿ? ಓದಲು ಬಾರದವರಿಗೆ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡುವುದು ತಪ್ಪೇ?

ಉತ್ತರ: ಮೇಡಂ, ಪ್ರಶ್ನೆ ತಿರುಗಿಸಿದರೆ ಬೇರೆಯದೇ ಉತ್ತರ ಬರುತ್ತದೆ ಅಂದಿರಲ್ಲ, ಎಲ್ಲದರ ಮೂಲ ಅಲ್ಲೇ ಇದೆ. ಆ ಮಗುವಿಗೆ ಉತ್ತರ ಗೊತ್ತಿದೆ, ಪ್ರಶ್ನೆ ಗೊತ್ತಿಲ್ಲ. ಉರು ಹೊಡೆದ ಉತ್ತರ ಯಾವುದೋ ಒಂದು ಪದಕ್ಕೆ ಅಂಟಿಕೊಂಡಿರುತ್ತದೆ. ಪ್ರಶ್ನೆಯಲ್ಲಿ ‘ಎ ಹೀರೋ’ ಪಾಠದ ಹುಡುಗ ‘ಸ್ವಾಮಿ’ಯ ಹೆಸರು ಕಣ್ಣಿಗೆ ಬಿದ್ದರೆ ಸಾಕು, ಸ್ವಾಮಿಯ ಬಗ್ಗೆ ಬಾಯಿಪಾಠವಾದ ಮೊದಲ ಉತ್ತರ ಕಾಗದದ ಮೇಲೆ ಇಳಿದುಬಿಡುತ್ತದೆ. ಹಾಗಾಗಿ ಈ ಹನ್ನೆರಡು ವಾರದಲ್ಲಿ ಉತ್ತರ ಬಾಯಿಪಾಠಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಕಿತ್ತು ಎರಡು ಕೆಲಸಕ್ಕೆ ಕೊಡಿ: ಪ್ರಶ್ನೆಯನ್ನು ಓದಿಸುವುದು, ಸ್ವಂತವಾಗಿ ವಾಕ್ಯ ಬರೆಸುವುದು. ಮಿಕ್ಕಿದ್ದೆಲ್ಲ ಇದರ ಬೆನ್ನಿಗೆ ಬರುತ್ತದೆ.

ಮೊದಲು ಅಂಕಗಳ ಲೆಕ್ಕ ನೋಡಿ. ದ್ವಿತೀಯ ಭಾಷೆ 100 ಅಂಕದ್ದು. ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ 80ರಲ್ಲಿ ಪಾಠ ಒಂದಕ್ಷರ ಉರು ಹೊಡೆಯದಿದ್ದರೂ ಬರೆಯಬಹುದಾದ ಭಾಗ ಎಷ್ಟಿದೆ ಎಂದು ಕೂಡಿಸಿ: ಪತ್ರ 5, ಪ್ರಬಂಧ 4, ಗದ್ಯಭಾಗ ಓದಿ ಉತ್ತರಿಸುವುದು 4, ವ್ಯಕ್ತಿಪರಿಚಯ 3, ಚಿತ್ರವಿವರಣೆ 3, ಸುಳಿವುಗಳಿಂದ ಕಥೆ ಕಟ್ಟುವುದು 3. ಒಟ್ಟು 22. ಇದಕ್ಕೆ ವ್ಯಾಕರಣದ ಒಂದೊಂದು ಅಂಕದ ಪ್ರಶ್ನೆಗಳೂ ಸೇರುತ್ತವೆ. ಗೈಡ್ ನೆಚ್ಚಿಕೊಂಡ ಮಗು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಇವುಗಳಿಗೆ ಸಿದ್ಧ ಉತ್ತರ ಗೈಡಿನಲ್ಲಿ ಸಿಗುವುದು ಕಡಿಮೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಈ 22ರಲ್ಲಿ ಪ್ರತಿ ಮಗುವಿಗೆ ಎಷ್ಟು ಬಂದಿದೆ ಎಂದು ಬೇರೆಯಾಗಿ ಬರೆದುಕೊಳ್ಳಿ. ಯಾರಿಗೆ ಏನು ಕಲಿಸಬೇಕು ಎಂಬುದನ್ನು ಒಟ್ಟು ಅಂಕಕ್ಕಿಂತ ಆ ಸಂಖ್ಯೆಯೇ ಚೆನ್ನಾಗಿ ಹೇಳುತ್ತದೆ.

ಈಗ ಪ್ರಶ್ನೆ ಓದಿಸುವ ವಿಷಯ. ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಪಾಠವನ್ನೇ ತೆಗೆದುಕೊಳ್ಳಿ. ಹಳ್ಳಿಯ ಹುಡುಗನೊಬ್ಬ ಹುಲಿಯನ್ನು ಎದುರಿಸಿದ ಸುದ್ದಿಯನ್ನು ಸ್ವಾಮಿಯ ಅಪ್ಪ ಪತ್ರಿಕೆಯಲ್ಲಿ ಓದುತ್ತಾರೆ. ಅದು ಹುಡುಗನಿಂದ ಆಗುವ ಕೆಲಸವಲ್ಲ ಎಂದು ಸ್ವಾಮಿ ವಾದಿಸುತ್ತಾನೆ. ಹಾಗಾದರೆ ಇವತ್ತು ರಾತ್ರಿ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಎನ್ನುತ್ತಾರೆ ಅಪ್ಪ. ಕತ್ತಲಲ್ಲಿ ಏನೋ ಹತ್ತಿರ ಬಂದಂತಾಗಿ ಸ್ವಾಮಿ ಅದನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತಾನೆ. ಅದು ಕಳ್ಳನ ಕಾಲು. ಈ ಒಂದು ಘಟನೆಯ ಮೇಲೆ ಕಪ್ಪುಹಲಗೆಯಲ್ಲಿ ನಾಲ್ಕು ಪ್ರಶ್ನೆ ಬರೆಯಿರಿ: ‘ವೈ ಡಿಡ್ ಸ್ವಾಮಿ ಸ್ಲೀಪ್ ಇನ್ ದ ಆಫೀಸ್ ರೂಮ್?’, ‘ಹೌ ಡಿಡ್ ಸ್ವಾಮಿ ಫೀಲ್ ಇನ್ ದ ಆಫೀಸ್ ರೂಮ್?’, ‘ವಾಟ್ ಡಿಡ್ ಸ್ವಾಮಿ ಡು ಇನ್ ದ ಆಫೀಸ್ ರೂಮ್?’, ‘ವಾಸ್ ಸ್ವಾಮಿ ರಿಯಲಿ ಎ ಹೀರೋ?’ ನಾಲ್ಕರಲ್ಲೂ ಸ್ವಾಮಿ ಇದ್ದಾನೆ, ಮೂರರಲ್ಲಿ ಆಫೀಸ್ ರೂಮ್ ಇದೆ. ಉತ್ತರ ಮಾತ್ರ ನಾಲ್ಕು ಬಗೆ.

ಮಕ್ಕಳು ಪ್ರಶ್ನೆಪದಕ್ಕೆ ಗೆರೆ ಎಳೆಯಲಿ, ಪಕ್ಕದಲ್ಲಿ ಅದರ ಕನ್ನಡ ಬರೆಯಲಿ: ಯಾಕೆ, ಹೇಗನ್ನಿಸಿತು, ಏನು ಮಾಡಿದ, ನಿನಗೇನನ್ನಿಸುತ್ತದೆ. ಆಮೇಲೆ ಪ್ರಶ್ನೆಯನ್ನೇ ತಿರುಗಿಸಿ ಉತ್ತರದ ಮೊದಲರ್ಧ ಮಾಡುವುದನ್ನು ತೋರಿಸಿ. ‘ಸ್ವಾಮಿ ಸ್ಲೆಪ್ಟ್ ಇನ್ ದ ಆಫೀಸ್ ರೂಮ್ ಬಿಕಾಸ್…’ ಎಂದು ಬರೆದಾಗ ಅರ್ಧ ದಾರಿ ಸವೆದಿರುತ್ತದೆ. ‘ಬಿಕಾಸ್’ ಬಂದ ಮೇಲೆ ಕಾರಣ ಬಿಟ್ಟು ಬೇರೇನನ್ನೂ ಬರೆಯಲು ಮಗುವಿಗೆ ಮನಸ್ಸೊಪ್ಪುವುದಿಲ್ಲ. ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಬರುತ್ತದೆ: ಪ್ರಶ್ನೆಯ ‘ಡಿಡ್’ ಹಾಗೇ ಉಳಿದು ‘ಸ್ವಾಮಿ ಡಿಡ್ ಸ್ಲೆಪ್ಟ್’ ಆಗುತ್ತದೆ. ‘ಡಿಡ್’ ಹೊರಗೆ ಹೋಗುವಾಗ ತನ್ನ ಭೂತಕಾಲವನ್ನು ‘ಸ್ಲೀಪ್’ ಕೈಗೆ ಕೊಟ್ಟು ಹೋಗುತ್ತದೆ, ಎರಡೂ ಕಡೆ ಇರುವಂತಿಲ್ಲ ಎಂದು ಹೇಳಿ. ಹಲಗೆಯ ಮೇಲೆ ‘ಡಿಡ್’ ಅಳಿಸುತ್ತಲೇ ‘ಸ್ಲೀಪ್’ ಅನ್ನು ‘ಸ್ಲೆಪ್ಟ್’ ಎಂದು ತಿದ್ದಿ ತೋರಿಸಿ. ಈ ಒಂದೇ ಅಭ್ಯಾಸಕ್ಕೆ ಒಂದು ವಾರ ಹೋದರೂ ನಷ್ಟವಿಲ್ಲ.

ನಾಲ್ಕನೆಯ ಪ್ರಶ್ನೆಗೆ ಗೈಡು ಸಾಮಾನ್ಯವಾಗಿ ಹೌದು, ಸ್ವಾಮಿ ಧೈರ್ಯಶಾಲಿ ಎಂದು ಮುಗಿಸುತ್ತದೆ. ಆದರೆ ಅವನು ಕಚ್ಚಿದ್ದು ಭಯದಿಂದ, ಕಳ್ಳ ಎಂದು ತಿಳಿದಲ್ಲ. ಕಥೆಯ ಸೊಗಸು ಇರುವುದೇ ಅಲ್ಲಿ. ಕ್ಲಾಸಿನಲ್ಲಿ ಐದು ನಿಮಿಷ ಕನ್ನಡದಲ್ಲೇ ಜಗಳವಾಡಲು ಬಿಡಿ: ಭಯದಿಂದ ಮಾಡಿದ್ದನ್ನು ಧೈರ್ಯ ಅನ್ನಬಹುದಾ? ಆಮೇಲೆ ಪ್ರತಿಯೊಬ್ಬರೂ ಮೂರು ಇಂಗ್ಲಿಷ್ ವಾಕ್ಯ ಬರೆಯಲಿ. ಮೊದಲನೆಯದು ಅಭಿಪ್ರಾಯ, ಎರಡನೆಯದು ಪಾಠದಿಂದ ಆಧಾರ, ಮೂರನೆಯದು ಅದರ ಕಾರಣ. ಸಾಹಿತ್ಯ ಕಲಿಸಲು ಸಮಯವೆಲ್ಲಿದೆ ಎಂಬ ಮಾತು ಶಿಕ್ಷಕರ ಬಾಯಲ್ಲಿ ಆಗಾಗ ಬರುತ್ತದೆ. ಸಾಹಿತ್ಯ ಅಂದರೆ ಈ ಐದು ನಿಮಿಷವೇ. ಇದಕ್ಕೇ ಅಂಕವೂ ಇದೆ.

ಅಂಕಕ್ಕೂ ಉತ್ತರದ ಉದ್ದಕ್ಕೂ ಹೊಂದಿಕೆ ಇರಲಿ. 2 ಅಂಕಕ್ಕೆ ಎರಡು ಅಂಶ, ಅಂದರೆ ಎರಡು–ಮೂರು ವಾಕ್ಯ. 4 ಅಂಕಕ್ಕೆ ಎಂಟು–ಹತ್ತು ವಾಕ್ಯ. ಸಾಲು ಕೊಟ್ಟು ಮೂರು ಉಪಪ್ರಶ್ನೆ ಕೇಳುವ ಕಡೆ ಮಕ್ಕಳು ಮೂರನ್ನೂ ಕಲಸಿ ಒಂದೇ ಪ್ಯಾರಾ ಮಾಡುತ್ತಾರೆ. ಎ, ಬಿ, ಸಿ ಎಂದು ಬಿಡಿಬಿಡಿಯಾಗಿ, ಒಂದೊಂದು ಪೂರ್ಣ ವಾಕ್ಯದಲ್ಲಿ ಬರೆಸಿ. ಅಲ್ಲಿ ಸರ್ವನಾಮದ ಪ್ರಶ್ನೆಯೂ ಬರುತ್ತದೆ, ಈ ‘ಐ’ ಯಾರು, ಈ ‘ಹಿಮ್’ ಯಾರು ಎಂದು. ವಿನಾಯಕ ಕೃಷ್ಣ ಗೋಕಾಕರ ‘ದ ಸಾಂಗ್ ಆಫ್ ಇಂಡಿಯಾ’ದಲ್ಲಿ ಕವಿ ಮತ್ತು ತಾಯಿ ಭಾರತಿ ಇಬ್ಬರೂ ಮಾತಾಡುತ್ತಾರೆ, ಅಲ್ಲಿ ಮಕ್ಕಳು ತಪ್ಪುವುದು ಸಹಜ. ಇಬ್ಬರ ಮಾತಿಗೂ ಬೇರೆ ಬೇರೆ ಬಣ್ಣದ ಗೆರೆ ಎಳೆಸಿ, ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ ಓದಿಸಿ.

ವ್ಯಾಕರಣಕ್ಕೆ ಬರೋಣ. ನಿಯಮ ಗೊತ್ತಿದ್ದೂ ತಪ್ಪು ಬರೆಯುತ್ತಾರೆ ಅಂದರೆ ಅದು ಅಸಡ್ಡೆಯಲ್ಲ. ಮಗು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುತ್ತಿದೆ, ತಪ್ಪುಗಳೆಲ್ಲ ಕನ್ನಡದ ಅಚ್ಚಿನಲ್ಲೇ ಬೀಳುತ್ತವೆ. ‘ಅವರು ವೈದ್ಯರು’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲ, ಹಾಗಾಗಿ ‘ಹಿ ಡಾಕ್ಟರ್’. ‘ಸ್ವಾಮಿ ಕಳ್ಳನ ಕಾಲು ಕಚ್ಚಿದ’ ಎಂಬಲ್ಲಿ ಕ್ರಿಯೆ ಕೊನೆಗೆ, ಹಾಗಾಗಿ ‘ಸ್ವಾಮಿ ಥೀಫ್ ಲೆಗ್ ಬಿಟ್’. ‘ಆದರೂ’ ನಮ್ಮ ವಾಕ್ಯದ ನಡುವೆ ಬರುವುದರಿಂದ ‘ದೋ’ ಬರೆದ ಮೇಲೂ ‘ಬಟ್’ ಸೇರಿಸುತ್ತಾರೆ. ಈ ಅಚ್ಚನ್ನು ಮುಚ್ಚಿಡದೆ ಎರಡು ಭಾಷೆಯನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ.

ವಾಕ್ಯದ ಕೊನೆಗೆ ಅಂಟಿಸುವ ಪುಟ್ಟ ಪ್ರಶ್ನೆ, ಅಂದರೆ ಕ್ವೆಶ್ಚನ್ ಟ್ಯಾಗ್ ನೋಡಿ. ನಮಗೆ ಎಲ್ಲದಕ್ಕೂ ಒಂದೇ ‘ಅಲ್ವಾ?’. ‘ಅವಳು ಚೆನ್ನಾಗಿ ಹಾಡ್ತಾಳೆ ಅಲ್ವಾ, ನೀನು ಬಂದಿರಲಿಲ್ಲ ಅಲ್ವಾ’. ಅದಕ್ಕೇ ಎಲ್ಲ ವಾಕ್ಯದ ಕೊನೆಗೂ ‘ಈಸಂಟ್ ಇಟ್?’ ಅಂಟಿಸುತ್ತಾರೆ. ಮೂರು ಹೆಜ್ಜೆ ಕೊಡಿ: ವಾಕ್ಯದಲ್ಲಿ ಸಹಾಯಕ ಕ್ರಿಯಾಪದ ಯಾವುದು, ಅದನ್ನು ಹಿಡಿ. ಇಲ್ಲದಿದ್ದರೆ ‘ಡು, ಡಸ್, ಡಿಡ್’ಗಳಲ್ಲಿ ಒಂದನ್ನು ತಾ. ವಾಕ್ಯದಲ್ಲಿ ‘ನಾಟ್’ ಇದ್ದರೆ ಟ್ಯಾಗ್‌ನಲ್ಲಿ ತೆಗೆ, ಇಲ್ಲದಿದ್ದರೆ ಹಾಕು. ‘ಶಿ ಸಿಂಗ್ಸ್ ವೆಲ್’ ಎಂಬಲ್ಲಿ ಸಹಾಯಕ ಪದ ಕಾಣುವುದಿಲ್ಲ, ‘ಸಿಂಗ್ಸ್’ನ ಬಾಲದ ಎಸ್ ನೋಡಿ ‘ಡಸ್’ ತರಬೇಕು: ‘ಡಸಂಟ್ ಶಿ?’

ಇನ್ನೊಬ್ಬರ ಮಾತನ್ನು ನಮ್ಮ ಮಾತಿನಲ್ಲಿ ಹೇಳುವ ರಿಪೋರ್ಟೆಡ್ ಸ್ಪೀಚ್‌ನಲ್ಲಿ ಅಡ್ಡ ಬರುವುದು ನಮ್ಮ ‘ಅಂತ’. ‘ನಾನು ನಾಳೆ ಬರ್ತೀನಿ ಅಂತ ಅಪ್ಪ ಹೇಳಿದರು’ ಎಂದರೆ ಕನ್ನಡಕ್ಕೆ ಪೂರ್ತಿ ಸರಿ, ‘ನಾನು’ ಹಾಗೇ ಉಳಿಯುತ್ತದೆ. ಅದನ್ನೇ ಮಗು ‘ಫಾದರ್ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆಯುತ್ತದೆ. ಬರುವವರು ಅಪ್ಪನ ಬದಲು ಮಗುವೇ ಆಗಿಬಿಟ್ಟರು! ಇದಕ್ಕೆ ಮದ್ದು ಕನ್ನಡದಲ್ಲೇ ಇದೆ. ಪತ್ರಿಕೆಯವರು ಬರೆಯುವ ‘ಮರುದಿನ ಬರುವುದಾಗಿ ಅವರು ಹೇಳಿದರು’ ಎಂಬ ಧಾಟಿಯನ್ನು ಹಲಗೆಯ ಮೇಲೆ ಬರೆಯಿರಿ. ಅಲ್ಲಿ ‘ನಾನು’ ಇಲ್ಲ, ‘ನಾಳೆ’ ‘ಮರುದಿನ’ವಾಗಿದೆ. ಇಂಗ್ಲಿಷಿನಲ್ಲೂ ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’. ಮೊದಲ ಎರಡು ದಿನ ಕನ್ನಡದ ಮಾತುಗಳನ್ನೇ ಪತ್ರಿಕೆಯ ಧಾಟಿಗೆ ತಿರುಗಿಸಲಿ, ಮೂರನೇ ದಿನ ಇಂಗ್ಲಿಷ್ ಮುಟ್ಟಿ.

ಪ್ಯಾಸಿವ್ ವಾಯ್ಸ್ ಅಂದರೆ ಕರ್ಮಣಿ ಪ್ರಯೋಗದಲ್ಲೂ ಇಂಥದ್ದೇ. ‘ಅವನನ್ನು ಬಂಧಿಸಲಾಯಿತು’ ಎಂಬಲ್ಲಿ ‘ಅನ್ನು’ ಪ್ರತ್ಯಯ ಉಳಿದುಕೊಳ್ಳುತ್ತದೆ, ಅದಕ್ಕೇ ಮಕ್ಕಳು ‘ಹಿಮ್ ವಾಸ್ ಅರೆಸ್ಟೆಡ್’ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಮುಂದೆ ಬಂದು ಕೂತವನು ಕರ್ತೃವಿನ ವೇಷ ಹಾಕಲೇಬೇಕು, ‘ಹಿಮ್’ ಇದ್ದದ್ದು ‘ಹಿ’ ಆಗಬೇಕು.

ಒಂದು ಪದದಲ್ಲಿ ಎಷ್ಟು ಸಿಲಬಲ್ (ಒಂದೇ ಉಸುರಿಗೆ ಉಚ್ಚರಿಸುವ ತುಣುಕು) ಇದೆ ಎಂಬ ಒಂದಂಕದ ಪ್ರಶ್ನೆಗೆ ಕನ್ನಡದ ಅಕ್ಷರ ಎಣಿಸಬಾರದು, ಸ್ವರದ ನಾದ ಎಣಿಸಬೇಕು. ಗದ್ದದ ಕೆಳಗೆ ಅಂಗೈ ಇಟ್ಟು ಪದ ಹೇಳಿಸಿ, ಗದ್ದ ಎಷ್ಟು ಸಲ ಕೆಳಗಿಳಿಯಿತೋ ಅಷ್ಟು. ಉಚ್ಚಾರಣೆ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ‘ಇಸ್ಕೂಲ್’ ಎನ್ನುವ ಮಗು ಎರಡು ಬರೆಯುತ್ತದೆ, ‘ಸ್ಕೂಲ್’ ಒಂದೇ. ಕ್ರಿಯಾಪದದ ಕೊನೆಯ ಇ-ಡಿ, ಟಿ ಅಥವಾ ಡಿ ಧ್ವನಿಯ ನಂತರ ಬಂದರೆ ಮಾತ್ರ ಒಂದು ಸಿಲಬಲ್ ಹೆಚ್ಚುತ್ತದೆ: ‘ವಾಂಟೆಡ್’ ಎರಡು, ‘ವಾಕ್ಡ್’ ಒಂದು.

ಓದಲು ಬಾರದ ಹತ್ತು–ಹನ್ನೆರಡು ಮಕ್ಕಳ ಬಗ್ಗೆ ಕೇಳಿದ್ದೀರಿ. ಕನ್ನಡ ಅಕ್ಷರದಲ್ಲಿ ಬರೆದುಕೊಡುವುದು ತಪ್ಪಲ್ಲ, ಅದನ್ನು ಅಳಿಸದೆ ಹಾಗೇ ಬಿಡುವುದು ತಪ್ಪು. ಮಗುವಿನ ಕಣ್ಣು ಯಾವಾಗಲೂ ಸುಲಭದ ಕಡೆ ಹೋಗುತ್ತದೆ. ಇಂಗ್ಲಿಷ್ ಸಾಲಿನ ಮೇಲೆ ಕನ್ನಡ ಬರಹ ಇರುವ ತನಕ ಕೆಳಗಿನ ಸಾಲನ್ನು ಅದು ನೋಡುವುದೇ ಇಲ್ಲ. ಹಾಗಾಗಿ ಇಡೀ ಸಾಲಿಗೆ ಬರೆಯಬೇಡಿ, ಎಡವುವ ಪದಕ್ಕೆ ಮಾತ್ರ, ಅದೂ ಪೆನ್ಸಿಲಿನಲ್ಲಿ. ಮೂರು ಸಲ ಸರಾಗವಾಗಿ ಓದಿದ ಮೇಲೆ ಅಳಿಸಬೇಕು, ಅಳಿಸುವ ಕೆಲಸ ಮಗುವಿನದ್ದೇ. ಇದರ ಜೊತೆಗೆ ದಿನಕ್ಕೊಂದು ಪದಕುಟುಂಬ: ‘ಲೈಟ್, ನೈಟ್, ರೈಟ್, ಫೈಟ್’. ಕೊನೆಯ ನಾಲ್ಕು ಅಕ್ಷರ ಒಂದೇ ಎಂದು ಕಂಡಾಗ ಹೊಸ ಪದ ‘ಟೈಟ್’ ತಾನಾಗಿ ಬಿಡಿಸಿಕೊಳ್ಳುತ್ತದೆ. ಎಬಿಸಿಡಿಯಿಂದ ಶುರು ಮಾಡಲು ಈಗ ವೇಳೆಯಿಲ್ಲ. ಹತ್ತನೇ ಕ್ಲಾಸಿನ ಮಗುವಿಗೆ ಅದರಿಂದ ಅವಮಾನವೂ ಆಗುತ್ತದೆ. ಮೊದಲಿಗೆ ಓದಿಸಬೇಕಾದ್ದು ಪ್ರಶ್ನೆಪತ್ರಿಕೆಯ ಸೂಚನೆಗಳು: ‘ಫಿಲ್ ಇನ್ ದ ಬ್ಲ್ಯಾಂಕ್ಸ್’, ‘ರೈಟ್ ಎ ಲೆಟರ್’, ‘ರೀಡ್ ದ ಪ್ಯಾಸೇಜ್’, ‘ಚೇಂಜ್ ಇಂಟು ಪ್ಯಾಸಿವ್ ವಾಯ್ಸ್’. ಇಂಥ ಮೂವತ್ತು ಸಾಲು ಸರಾಗವಾದರೆ ಪತ್ರಿಕೆ ಕೈಗೆ ಬಂದಾಗ ಕೈ ನಡುಗುವುದಿಲ್ಲ.

ಈ ಮಕ್ಕಳಿಗೆ ಆ 22 ಅಂಕದಲ್ಲಿ ಮೊದಲು ವ್ಯಕ್ತಿಪರಿಚಯ ಹಿಡಿಸಿ, ಏಕೆಂದರೆ ಮಾಹಿತಿಯೆಲ್ಲ ಪತ್ರಿಕೆಯಲ್ಲೇ ಇರುತ್ತದೆ. ವಯಸ್ಸು, ಎತ್ತರ, ಶಿಕ್ಷಣ, ಹವ್ಯಾಸ ಎಂದು ಪಟ್ಟಿ ಕೊಟ್ಟಿರುತ್ತಾರೆ. ಒಂದೊಂದಕ್ಕೂ ಒಂದು ವಾಕ್ಯದ ಚೌಕಟ್ಟು ಸಾಕು: ‘ಹಿ ಈಸ್ ಫಾರ್ಟಿ ಇಯರ್ಸ್ ಓಲ್ಡ್’, ‘ಹಿಸ್ ಹಾಬಿ ಈಸ್ ರೀಡಿಂಗ್’. ಇಲ್ಲಿ ಎರಡು ಚೌಕಟ್ಟು ಬೆರೆತು ‘ಹಿಸ್ ಏಜ್ ಈಸ್ ಫಾರ್ಟಿ ಇಯರ್ಸ್ ಓಲ್ಡ್’ ಆಗುವುದೇ ದೊಡ್ಡ ಅಪಾಯ. ವ್ಯಕ್ತಿ ಹೆಣ್ಣಾದರೆ ‘ಹಿ’ ‘ಹಿಸ್’ ಎಲ್ಲವೂ ಬದಲಾಗಬೇಕು ಎಂಬುದು ಅರ್ಧದಲ್ಲಿ ಮರೆತುಹೋಗುತ್ತದೆ. ಬರೆಯುವ ಮೊದಲು ಪಟ್ಟಿಯ ಪಕ್ಕದಲ್ಲಿ ‘ಶಿ, ಹರ್’ ಎಂದು ಗುರುತು ಹಾಕಿಸಿ.

ಚಿತ್ರವಿವರಣೆಗೆ ಐದು ವಾಕ್ಯ: ಇದು ಯಾವ ಜಾಗ, ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಇನ್ನೇನು ಕಾಣುತ್ತದೆ, ನೋಡಿದರೆ ಏನನ್ನಿಸುತ್ತದೆ. ‘ದೇರ್ ಈಸ್’ ಒಬ್ಬರಿಗೆ, ‘ದೇರ್ ಆರ್’ ಹಲವರಿಗೆ. ಮಾಡುತ್ತಿರುವ ಕೆಲಸಕ್ಕೆ ‘ಈಸ್’ ಅಥವಾ ‘ಆರ್’ ಜೊತೆಗೆ ‘ಇಂಗ್’. ಕಥೆ ಕಟ್ಟುವಾಗ ಸುಳಿವುಗಳ ನಡುವೆ ಬರೀ ಗೆರೆ ಇರುತ್ತದೆ. ಅದನ್ನು ಭೂತಕಾಲದ ಕ್ರಿಯಾಪದದಿಂದ ತುಂಬಬೇಕು ಎಂದರೆ ಸಾಕು.

ಪತ್ರದ 5 ಅಂಕ ಎಲ್ಲ ಮಕ್ಕಳಿಗೂ ಸಿಗಬೇಕಾದ್ದು. ವಿಳಾಸ, ದಿನಾಂಕ, ಸಂಬೋಧನೆ, ವಿಷಯ, ಒಡಲು, ಮುಕ್ತಾಯ, ಇವು ತಮ್ಮ ತಮ್ಮ ಜಾಗದಲ್ಲಿರಬೇಕು. ಪ್ರಶ್ನೆಯಲ್ಲಿ ಯಾರೆಂದು ಭಾವಿಸಿಕೊಳ್ಳಲು ಹೇಳಿದ್ದಾರೋ ಅದೇ ಹೆಸರು, ಅದೇ ಶಾಲೆ ಬರೆಯಬೇಕು. ತಮ್ಮ ಸ್ವಂತ ಹೆಸರು, ಊರು ಬರೆಯಲೇಬಾರದು ಎಂದು ಹತ್ತು ಸಲ ಹೇಳಿ. ಅಪ್ಪನಿಗೆ ಬರೆಯುವ ಪತ್ರಕ್ಕೆ ‘ಯುವರ್ಸ್ ಫೇತ್‌ಫುಲಿ’, ಮುಖ್ಯಶಿಕ್ಷಕರಿಗೆ ‘ಯುವರ್ಸ್ ಲವಿಂಗ್ಲಿ’ ಹಾಕುವವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಸಂಬೋಧನೆ ಬರೆದ ಕೂಡಲೇ ಮುಕ್ತಾಯವನ್ನೂ ಕೆಳಗೆ ಬರೆದಿಟ್ಟುಕೊಂಡು, ನಡುವಿನ ಒಡಲನ್ನು ಆಮೇಲೆ ತುಂಬಿಸುವ ರೂಢಿ ಮಾಡಿಸಿದರೆ ಆ ಬೆರಕೆ ನಿಲ್ಲುತ್ತದೆ. ಒಡಲಿಗೆ ಮೂರು ವಿಷಯ: ನಾನು ಯಾರು, ತೊಂದರೆ ಏನು, ನೀವು ಏನು ಮಾಡಬೇಕು.

ಕಂಠಪಾಠದ ಪದ್ಯಕ್ಕೆ 4 ಅಂಕ ಇದೆ. ಅಲ್ಲಿ ಉರು ಹೊಡೆಯುವುದು ನ್ಯಾಯವೇ, ಆದರೆ ಬಾಯಿಂದಲ್ಲ, ಕೈಯಿಂದ. ದಿನಕ್ಕೆ ಎರಡು ಸಾಲು ನೋಡಿ ಬರೆದು, ಮುಚ್ಚಿ ಬರೆದು, ತಾಳೆ ನೋಡಲಿ. ಶೇಕ್ಸ್‌ಪಿಯರನ ‘ಕ್ವಾಲಿಟಿ ಆಫ್ ಮರ್ಸಿ’ ಪದ್ಯದ ಕರುಣೆಯ ಮಾತುಗಳಲ್ಲಿ ‘ಬ್ಲೆಸ್ಸೆತ್’ ಎಂಬ ಹಳೆಯ ರೂಪ ಬರುತ್ತದೆ, ಮಕ್ಕಳು ಅದನ್ನು ‘ಬ್ಲೆಸಸ್’ ಎಂದು ತಿದ್ದಿಬಿಡುತ್ತಾರೆ. ಹಳೆಗನ್ನಡದ ‘ಬಂದಪಂ’ ಈಗ ‘ಬರುತ್ತಾನೆ’ ಆದ ಹಾಗೆ ಎಂದರೆ ಥಟ್ಟನೆ ತಿಳಿಯುತ್ತದೆ. ಅಲಂಕಾರಗಳನ್ನೂ ಹೊಸದಾಗಿ ಕಲಿಸಬೇಕಿಲ್ಲ. ಸಿಮಿಲಿ ನಮ್ಮ ಉಪಮೆ. ‘ಅಂತೆ, ಹಾಗೆ’ ಇರುವ ಜಾಗದಲ್ಲಿ ಅಲ್ಲಿ ‘ಲೈಕ್, ಆ್ಯಸ್’. ಕರುಣೆ ಆಕಾಶದ ಮೆಲುಮಳೆಯಂತೆ ಇಳಿಯುತ್ತದೆ ಎಂಬಲ್ಲಿ ಆ ‘ಆ್ಯಸ್’ ಇದೆ. ಮೆಟಫರ್ ನಮ್ಮ ರೂಪಕ. ‘ಐ ಆ್ಯಮ್ ದ ಲ್ಯಾಂಡ್’ ಪದ್ಯದಲ್ಲಿ ನೆಲವೇ ಬಾಯಿಬಿಟ್ಟು ಮಾತಾಡುತ್ತದೆ, ಅದು ಪರ್ಸಾನಿಫಿಕೇಷನ್. ಕನ್ನಡ ಪಂಡಿತರ ಪೀರಿಯಡ್‌ನಲ್ಲಿ ಅಲಂಕಾರ ಯಾವ ವಾರ ನಡೆಯುತ್ತದೆ ಎಂದು ಕೇಳಿಕೊಂಡು, ಅದೇ ವಾರ ನೀವೂ ಇದನ್ನು ಇಟ್ಟುಕೊಳ್ಳಿ.

ಹೊತ್ತಿನ ಹಂಚಿಕೆ ಹೀಗಿರಲಿ. 40 ನಿಮಿಷದ ಪೀರಿಯಡ್‌ನಲ್ಲಿ ಮೊದಲ 5 ನಿಮಿಷ ಐದು ಪದಗಳ ಡಿಕ್ಟೇಷನ್, 10 ನಿಮಿಷ ಗಟ್ಟಿಯಾಗಿ ಓದು, 15 ನಿಮಿಷ ಬರವಣಿಗೆ, ಕೊನೆಯ 10 ನಿಮಿಷ ಹಲಗೆಯ ಮೇಲೆ ತಿದ್ದುವುದು. 42 ನೋಟ್‌ಬುಕ್ ದಿನಾ ತಿದ್ದಲು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ದಿನಕ್ಕೆ ಹನ್ನೊಂದು ನೋಡಿದರೆ ನಾಲ್ಕು ದಿನಕ್ಕೆ ಒಂದು ಸುತ್ತು. ಎಲ್ಲ ತಪ್ಪಿಗೂ ಕೆಂಪು ಗೆರೆ ಹಾಕಬೇಡಿ. ಪುಟವೆಲ್ಲ ಕೆಂಪಾದರೆ ಮಗು ಪುಟ ಮಗುಚುತ್ತದೆಯೇ ಹೊರತು ಓದುವುದಿಲ್ಲ. ಈ ವಾರ ‘ಡಿಡ್’ ತಪ್ಪು ಮಾತ್ರ, ಮುಂದಿನ ವಾರ ‘ಈಸ್’ ಬಿಟ್ಟುಹೋದದ್ದು ಮಾತ್ರ. ತಪ್ಪಿನ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, ತಪ್ಪನ್ನು ಅವರೇ ಹುಡುಕಲು ಬಿಡಿ.

ಕೊನೆಯ ಮೂರು ವಾರ ಪೂರ್ತಿ ಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಸಿ, ವಾರಕ್ಕೆ ಒಂದು ಸಾಕು. ಪರೀಕ್ಷೆ 3 ಗಂಟೆ, ಅದರಲ್ಲಿ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಬರೆಯಲು ಉಳಿಯುವ 165 ನಿಮಿಷದಲ್ಲಿ 80 ಅಂಕ, ಅಂದರೆ ಅಂಕಕ್ಕೆ ಎರಡು ನಿಮಿಷ. ಪತ್ರಕ್ಕೆ 10 ನಿಮಿಷ, ಪ್ರಬಂಧಕ್ಕೆ 8. ಒಂದಂಕದ ಪ್ರಶ್ನೆಗಳು ಅಷ್ಟು ಹೊತ್ತು ತಿನ್ನುವುದಿಲ್ಲ. ಅಲ್ಲಿ ಉಳಿದ ನಿಮಿಷಗಳನ್ನು ಪ್ರಬಂಧಕ್ಕೂ ಕೊನೆಯ ಪರಿಶೀಲನೆಗೂ ಇಟ್ಟುಕೊಳ್ಳಲಿ. ಓದಿನ ಆ 15 ನಿಮಿಷವನ್ನು ಮಕ್ಕಳು ಸುಮ್ಮನೆ ಕೂತು ಕಳೆಯುತ್ತಾರೆ. ಅದನ್ನೂ ಕ್ಲಾಸಿನಲ್ಲೇ ಅಭ್ಯಾಸ ಮಾಡಿಸಿ: ಮೊದಲು ‘ಆರ್’ ಎಂದು ಆಯ್ಕೆ ಇರುವ ಪ್ರಶ್ನೆಗಳಲ್ಲಿ ಯಾವುದನ್ನು ಬರೆಯುವುದೆಂದು ತೀರ್ಮಾನಿಸುವುದು, ಆಮೇಲೆ ಗದ್ಯಭಾಗದ ಪ್ರಶ್ನೆಗಳನ್ನು ಓದಿಕೊಂಡು ಗದ್ಯವನ್ನು ಆನಂತರ ಓದುವುದು. ಹಾಗೆ ಓದಿದರೆ ಉತ್ತರದ ಸಾಲು ಮೊದಲ ಓದಿನಲ್ಲೇ ಕಣ್ಣಿಗೆ ಬೀಳುತ್ತದೆ. ಆ ಇಡೀ ಸಾಲನ್ನು ಎತ್ತಿ ಬರೆಯದೆ, ಕೇಳಿದಷ್ಟನ್ನು ಮಾತ್ರ ಬಿಡಿಸಿ ಬರೆಯುವುದನ್ನು ಪೂರ್ವಸಿದ್ಧತಾ ಪರೀಕ್ಷೆಯ ಅದೇ ಗದ್ಯಭಾಗದ ಮೇಲೆ ನಾಳೆಯಿಂದಲೇ ಶುರು ಮಾಡಬಹುದು.